ಸೋಮುಗೆ, ಅವನ ಸ್ಲೆಡ್ಡಿನ (ಹಿಮದ ಮೇಲೆ ಓಡಿಸುವ ಸ್ನೋಮೊಬೈಲಿನ) ಟ್ರ್ಯಾಕ್ ಬಗ್ಗೆ

ಹೌಟನ್, ಮಿಶಿಗನ್
ಶನಿವಾರ ರಾತ್ರಿ

ಪ್ರೀತಿಯ ಸೋಮು,

ನೀನು ಕಳಿಸಿದ ವಿಡಿಯೊ ಮೂರು ಸಲ ನೋಡಿದೆ. ಆಮೇಲೆ ಕಣ್ಣು ಮುಚ್ಚಿಕೊಂಡು ಬರೀ ಸದ್ದು ಕೇಳಿದೆ. ಥ್ರಾಟಲ್ ಒತ್ತಿದ ಕೂಡಲೇ ಕೆಳಗಿನಿಂದ ಕಟಕಟ ಅಂತ ಬರುತ್ತಲ್ಲ, ಅದು ಎಂಜಿನ್ನಿನದಲ್ಲ ಕಣೋ. ಟ್ರ್ಯಾಕ್, ಅಂದರೆ ಗಾಡಿಯನ್ನು ಓಡಿಸುವ ಆ ರಬ್ಬರ್ ಪಟ್ಟ, ಸಡಿಲ ಆಗಿದೆ. ಮುಂದಿನ ಹಲ್ಲುಚಕ್ರ ಟ್ರ್ಯಾಕಿನ ಒಳಮೈಯ ರಬ್ಬರ್ ಗಂಟುಗಳನ್ನು ಹಿಡಿದು ಎಳೆಯಬೇಕು. ಪಟ್ಟ ಜೋತುಬಿದ್ದಾಗ ಹಲ್ಲು ಒಂದು ಗಂಟಿನ ಮೇಲೆ ಜಾರಿ ಇನ್ನೊಂದರ ಮೇಲೆ ಬೀಳುತ್ತದೆ. ಇಲ್ಲಿಯವರು ಇದನ್ನು ರ‍್ಯಾಚೆಟಿಂಗ್ ಅನ್ನುತ್ತಾರೆ. ಹೀಗೆ ಜಾರಿದಾಗಲೆಲ್ಲ ಗಂಟುಗಳು ಸವೆಯುತ್ತವೆ. ಅವು ಪೂರ್ತಿ ಹೋದರೆ ಟ್ರ್ಯಾಕನ್ನೇ ಬದಲಾಯಿಸಬೇಕು. ಅದಕ್ಕೇ ಹೇಳ್ತಿದೀನಿ, ಇದು ಸರಿಯಾಗೋವರೆಗೂ ನಾರ್ತ್ ಶೋರ್ ಟ್ರೇಲಿನ ಕಾಡುದಾರಿಗೆ ಗಾಡಿ ಇಳಿಸಬೇಡ.

"ಸರಿ ಬಿಡು, ಚೆನ್ನಾಗಿ ಟೈಟ್ ಮಾಡ್ತೀನಿ" ಅಂದೆಯಲ್ಲ, ಆ ಮಾತು ಕೇಳಿಯೇ ಫೋನಿನಲ್ಲಿ ಮುಗಿಸದೆ ಬರೆಯಲು ಕೂತೆ.

ನನ್ನ ಮೊದಲ ಚಳಿಗಾಲದಲ್ಲಿ ನಾನೂ ಹಾಗೇ ಮಾಡಿದ್ದೆ. ಕೈಯಲ್ಲಿ ಎಳೆದರೂ ಅಲ್ಲಾಡದ ಹಾಗೆ ಬಿಗಿದೆ. ಗಟ್ಟಿಯಾಗಿದ್ದರೆ ಒಳ್ಳೆಯದು ಅನ್ನೋದು ನನ್ನ ತಲೆಯಲ್ಲಿತ್ತು. ಕ್ಯಾಲುಮೆಟ್ ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಡಿ ಏದುಸಿರು ಬಿಡತೊಡಗಿತು, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಟ್ರ್ಯಾಕಿನ ಒಳಗೆ ಉದ್ದಕ್ಕೂ ಎರಡು ಹಳಿಗಳಿವೆ, ನೋಡಿದ್ದೀಯ. ಅವುಗಳ ಕೆಳಗೆ ಕೂಡಿಸಿರುವ ಪ್ಲಾಸ್ಟಿಕ್ ಪಟ್ಟಿಗೆ ಹೈಫ್ಯಾಕ್ಸ್ ಅನ್ನುತ್ತಾರೆ. ಟ್ರ್ಯಾಕಿನ ಲೋಹದ ಕ್ಲಿಪ್ಪುಗಳು ಉಜ್ಜಿಕೊಂಡು ಹೋಗುವುದು ಇದರ ಮೇಲೆಯೇ. ಇದನ್ನು ತಣ್ಣಗಿಡುವುದೂ ಜಾರಿಸುವುದೂ ಹಿಮ. ಗ್ರೀಸ್ ಇಲ್ಲ, ಆಯಿಲ್ ಇಲ್ಲ. ಅವತ್ತು ದಾರಿಯಲ್ಲಿ ಪುಡಿ ಹಿಮ ಕಡಿಮೆ, ಬರೀ ಮಂಜುಗಡ್ಡೆ. ಅದರ ಮೇಲೆ ನನ್ನ ಬಿಗಿತ. ಬಿಚ್ಚಿ ನೋಡಿದಾಗ ಎರಡೂ ಪಟ್ಟಿಗಳು ಕರಗಿ ತೆಳ್ಳಗಾಗಿದ್ದವು. ಬಿಗಿ ಜಾಸ್ತಿಯಾದರೆ ಬೇರಿಂಗಿನ ಮೇಲೂ ಭಾರ ಬೀಳುತ್ತದೆ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ. ಈ ಗಾಡಿಗೆ ಜೋಲು ಇರಲೇಬೇಕು. ಎಷ್ಟು ಅನ್ನೋದನ್ನ ಅಳೆದೇ ತಿಳಿಯಬೇಕು, ಕೈಯ ಅಂದಾಜು ಸಾಲದು.

ಕೆಲಸ ನಿನಗೆ ಹೊಸದೇನಲ್ಲ. ನಿನ್ನ ಸ್ಪ್ಲೆಂಡರಿನ ಚೈನ್ ಬಿಗಿ ಮಾಡುತ್ತಿದ್ದೆಯಲ್ಲ, ಹಿಂದಿನ ಆಕ್ಸಲ್ ನಟ್ ಸಡಿಲಿಸಿ ಎರಡೂ ಕಡೆಯ ಅಡ್ಜಸ್ಟರನ್ನು ಗೆರೆಯಿಂದ ಗೆರೆಗೆ ಸಮವಾಗಿ ತಿರುಗಿಸಿ? ಇಲ್ಲೂ ಅದೇ. ಟ್ರ್ಯಾಕಿನೊಳಗೆ ಹಿಂದುಗಡೆ ಇರುವ ಗಾಲಿಗಳ ಆಕ್ಸಲ್ ಹಿಂದೆ ಸರಿದಷ್ಟೂ ಟ್ರ್ಯಾಕ್ ಬಿಗಿಯಾಗುತ್ತದೆ.

ಮೊದಲು ಗಾಡಿಯನ್ನು ಹಿಮದ ಮೇಲೆ ಮನೆಯ ಹತ್ತಿರವೇ 15-20 ನಿಮಿಷ ನಿಧಾನಕ್ಕೆ ಓಡಿಸು. ಟ್ರ್ಯಾಕ್ ತನ್ನ ಜಾಗಕ್ಕೆ ಕೂರಲಿ. ಆಮೇಲೆ ಒಳಗೆ ಕಟ್ಟಿಕೊಂಡ ಹಿಮವನ್ನು ಪೂರ್ತಿ ಬಡಿದು ತೆಗೆ. ಗಡ್ಡೆ ಉಳಿದಿದ್ದರೆ ಅಳತೆ ಸುಳ್ಳಾಗುತ್ತದೆ. ಎಂಜಿನ್ ಆರಿಸಿ, ಹಿಂಭಾಗವನ್ನು ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸು. ಟ್ರ್ಯಾಕ್ ನೆಲಕ್ಕೆ ತಾಗದೆ ತೂಗಾಡಬೇಕು.

ಈಗ ತೂಕ. ಸ್ಕಿ-ಡೂ ಕಂಪನಿಯ ಗಾಡಿಗಳಿಗೆ ಟ್ರ್ಯಾಕನ್ನು ಕೆಳಕ್ಕೆ 16 ಪೌಂಡ್ ಎಳೆದು ಅಳೆಯಲು ಹೇಳುತ್ತಾರೆ, ಪೊಲಾರಿಸ್‌ಗೆ 10 ಪೌಂಡ್. ನಿನ್ನದು ಪೊಲಾರಿಸ್, ಹಾಗಾಗಿ ಇಂಡಿಯನ್ ಸ್ಟೋರಿನಲ್ಲಿ ಸಿಗುವ 10 ಪೌಂಡಿನ ಅಕ್ಕಿ ಚೀಲವೇ ಸಾಕು. ಹಿಂದಿನ ಗಾಲಿಯ ನಡುಮಧ್ಯದಿಂದ 16 ಇಂಚು ಮುಂದಕ್ಕೆ, ಟ್ರ್ಯಾಕಿನ ಕೆಳಭಾಗಕ್ಕೆ ಹಗ್ಗ ಕಟ್ಟಿ ಚೀಲ ತೂಗುಬಿಡು. ಹೈಫ್ಯಾಕ್ಸಿನ ಕೆಳಗಂಚಿಗೂ ಟ್ರ್ಯಾಕಿನ ಒಳಮೈಗೂ ನಡುವೆ ಬಿದ್ದ ಸಂದನ್ನು ಸ್ಕೇಲ್ ಇಟ್ಟು ಅಳೆ. ಆ ಸಂದು ಎಷ್ಟಿರಬೇಕು ಅನ್ನೋದು ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ. ನನ್ನ ಗಾಡಿಯ ಲೆಕ್ಕ ನಿನಗೆ ಬರೆಯುವುದಿಲ್ಲ. ಮಾರಿದವರು ಮ್ಯಾನುಯಲ್ ಕೊಟ್ಟಿಲ್ಲ ಅಂದೆಯಲ್ಲ, ಕಂಪನಿಯ ಸೈಟಿನಲ್ಲಿ ನಿನ್ನ ಮಾಡೆಲ್, ಇಸವಿ ಹಾಕಿ ಹುಡುಕು.

ಆಕ್ಸಲ್ ಬೋಲ್ಟ್, ಲಾಕ್ ನಟ್ ಎರಡನ್ನೂ ಸಡಿಲಿಸಿ, ಎರಡೂ ಕಡೆಯ ಅಡ್ಜಸ್ಟರ್ ಬೋಲ್ಟುಗಳನ್ನು ಕಾಲು ಸುತ್ತು, ಕಾಲು ಸುತ್ತು ಸಮವಾಗಿ ತಿರುಗಿಸು. ಪ್ರತಿ ಸಲವೂ ಚೀಲ ತೂಗಿ ಅಳೆ. ಬೇಜಾರಾಗುತ್ತೆ, ಬೆರಳು ಮರಗಟ್ಟುತ್ತೆ, ಆದರೂ ಅಳೆ.

ಟ್ರ್ಯಾಕ್ ನೇರವಾಗಿ ಓಡುತ್ತಿದೆಯಾ ಅಂತ ನೋಡಬೇಕಾದದ್ದು ಆಮೇಲೆ. ನನಗೆ ನಿನ್ನ ಬಗ್ಗೆ ಹೆದರಿಕೆ ಇರುವುದು ಈ ಜಾಗದಲ್ಲಿ. ಇದಕ್ಕೆ ಗಾಡಿ ಎತ್ತಿರುವಾಗಲೇ ಎಂಜಿನ್ ಹಚ್ಚಿ, ಟ್ರ್ಯಾಕ್ ಮೆಲ್ಲಗೆ ಕೆಲವು ಸುತ್ತು ಬರುವಷ್ಟು ಮಾತ್ರ ಥ್ರಾಟಲ್ ಕೊಡಬೇಕು. ಆ ಹೊತ್ತಿನಲ್ಲಿ ಹಿಂದೆ ಯಾರೂ ನಿಲ್ಲಬಾರದು, ಮಕ್ಕಳಂತೂ ಗ್ಯಾರೇಜಿನೊಳಗೇ ಬರಬಾರದು. ತಿರುಗುವ ಟ್ರ್ಯಾಕಿನಿಂದ ಕಲ್ಲೋ ಗಡ್ಡೆಯೋ ಸಿಡಿದರೆ ಗುಂಡಿನ ಹಾಗೆ ಬರುತ್ತದೆ. ತಿಪಟೂರಿನಲ್ಲಿ ನಿಮ್ಮ ಫ್ಲೋರ್ ಮಿಲ್ಲಿಗೆ ನಾನು ರಾಗಿ ತಂದಾಗಲೆಲ್ಲ ನಿಮ್ಮಪ್ಪ "ಟವಲ್ಲು ಅಲ್ಲಿಟ್ಟು ಬಾರಪ್ಪ, ಬೆಲ್ಟಿನ ಹತ್ರ ಬೇಡ" ಅನ್ನುತ್ತಿದ್ದರು. ಆ ಪಟ್ಟದ ಮುಂದೆ ಅವರು ಅಂಗಿ ತೋಳು ಮಡಚದೆ ನಿಂತದ್ದು ನಾನು ನೋಡಿಲ್ಲ. ನೀನು ಕತ್ತಿನ ಮಫ್ಲರ್ ತೆಗೆದಿಟ್ಟೇ ಎಂಜಿನ್ ಹಚ್ಚು.

ಎಂಜಿನ್ ಆರಿಸಿ, ಟ್ರ್ಯಾಕ್ ತಾನಾಗಿ ನಿಂತ ಮೇಲೆ ಬಗ್ಗಿ ನೋಡು. ಹಳಿಗೂ ಕ್ಲಿಪ್ಪಿನ ಅಂಚಿಗೂ ನಡುವಿನ ಜಾಗ ಎರಡೂ ಕಡೆ ಒಂದೇ ಇರಬೇಕು. ಟ್ರ್ಯಾಕ್ ಎಡಕ್ಕೆ ಸರಿದಿದ್ದರೆ ಎಡಗಡೆಯ ಬೋಲ್ಟ್ ಚೂರು ಬಿಗಿ ಮಾಡು, ಬಲಕ್ಕೆ ಸರಿದಿದ್ದರೆ ಬಲಗಡೆಯದು. ಸರಿಹೋದ ಮೇಲೆ ಲಾಕ್ ನಟ್, ಆಕ್ಸಲ್ ಬೋಲ್ಟ್ ಎರಡನ್ನೂ ಮ್ಯಾನುಯಲ್ ಹೇಳಿದ ಟಾರ್ಕಿಗೆ (ತಿರುಗಿಸುವ ಬಲಕ್ಕೆ) ಬಿಗಿದು, ಮತ್ತೊಂದು ಸಲ ಚೀಲ ತೂಗಿ ಅಳೆ. ಅಳತೆ ಸರಿಯಿದ್ದೂ ಕಟಕಟ ನಿಲ್ಲದಿದ್ದರೆ ಹಲ್ಲುಚಕ್ರವೋ ಗಂಟುಗಳೋ ಸವೆದಿವೆ ಅಂತ. ಆಗ ಅಂಗಡಿಗೆ ಒಯ್ಯಬೇಕಾಗುತ್ತದೆ.

ಈ ಹಲ್ಲುಚಕ್ರ ಮತ್ತು ಪಟ್ಟದ ಜೋಡಿಗೆ ಕೆನಡಾದ ಕ್ವಿಬೆಕ್‌ನ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ 1937ರಲ್ಲಿ ಪೇಟೆಂಟ್ ಪಡೆದ. ಅದಕ್ಕೆ ಮೂರು ವರ್ಷ ಮುಂಚೆ, 1934ರ ಚಳಿಗಾಲದಲ್ಲಿ, ಅವನ ಎರಡು ವರ್ಷದ ಮಗನಿಗೆ ಹೊಟ್ಟೆಯೊಳಗೆ ಸೋಂಕಾಗಿ, ಹಿಮದಿಂದ ದಾರಿ ಮುಚ್ಚಿ, ಆಸ್ಪತ್ರೆ ಮುಟ್ಟಿಸಲಾಗದೆ ಮಗು ತೀರಿಕೊಂಡಿತ್ತು. ಅವನ ಕಂಪನಿಯ ಸ್ಕಿ-ಡೂ ಬಂದದ್ದು 1959ರಲ್ಲಿ. ಇಲ್ಲಿ ಮೇಲಕ್ಕೆತ್ತಿ ಇಳಿಸುವ ಲಿಫ್ಟ್ ಬ್ರಿಜ್ಜಿನ ಕೆಳ ಅಂತಸ್ತಿನಲ್ಲಿ ಚಳಿಗಾಲದ ರಾತ್ರಿ ಸ್ಲೆಡ್ಡುಗಳು ಸಾಲಾಗಿ ದಾಟುವಾಗ ನನಗೆ ಆ ಮಗು ನೆನಪಾಗುತ್ತದೆ.

ಸರಿ ಮಾಡಿದ ಮೇಲೂ ಮೊದಲ ಸಲ ಒಬ್ಬನೇ ಹೋಗಬೇಡ. ಆ ಕಾಡಿನೊಳಗೆ ಎಲ್ಲ ಕಡೆ ಫೋನ್ ಸಿಗಲ್ಲ. ಒಂದು ಸುತ್ತು ಮುಗಿಸಿ ಬಂದು ಮತ್ತೆ ಅಳೆ, ಬೋಲ್ಟ್ ಸಡಿಲ ಆಗಿದೆಯಾ ನೋಡು.

ನಾಳೆ ಮಧ್ಯಾಹ್ನ ಮಾಡ್ತೀನಿ ಅಂದಿದ್ದೀಯ. ಚೀಲ ತೂಗಿಬಿಟ್ಟು, ಸ್ಕೇಲ್ ಕಾಣುವ ಹಾಗೆ ಎರಡೂ ಕಡೆಯ ಫೋಟೊ ಕಳಿಸು. ನಾನು ಫೋನ್ ಪಕ್ಕದಲ್ಲೇ ಇಟ್ಟುಕೊಂಡಿರ್ತೀನಿ.

ನಿನ್ನ,
ಗಿರೀಶ