ಶಾಲಾ ಬ್ಯಾಸ್ಕೆಟ್‌ಬಾಲ್‌ಗೆ ನಾಕೌಟ್ ಬೇಡ, ಲೀಗ್ ಬರಲಿ

ಸಂಪಾದಕರಿಗೆ ನಮಸ್ಕಾರ.

ಶಾಲಾ ಮಕ್ಕಳ ಜಿಲ್ಲಾ ಮಟ್ಟದ ಬ್ಯಾಸ್ಕೆಟ್‌ಬಾಲ್ ಪಂದ್ಯದ ಫೋಟೊ ನಿಮ್ಮ ಪತ್ರಿಕೆಯಲ್ಲಿ ನೋಡಿದೆ. ಎತ್ತರದ ಹುಡುಗನೊಬ್ಬ ಎದುರಾಳಿ ತಂಡದ ಮೂವರ ನಡುವೆ ಹಾರಿ ರಿಂಗ್ ಕಡೆ ಬಾಲ್ ಎಸೆಯುತ್ತಿದ್ದಾನೆ. ಫೋಟೊ ಚೆನ್ನಾಗಿದೆ. ಆದರೆ ಹಿಂದೆ ಸ್ವಲ್ಪ ಗಮನಿಸಿ. ಅವನದೇ ತಂಡದ ಇಬ್ಬರು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಾರೆ. ಮೂವರು ಬಂದು ಒಬ್ಬನನ್ನೇ ಮುತ್ತಿದರು ಅಂದರೆ, ಉಳಿದ ನಾಲ್ವರನ್ನು ಕಾಯೋಕೆ ಇರೋದು ಇಬ್ಬರೇ. ಅಂದರೆ ಇಬ್ಬರು ಹುಡುಗರು ಪೂರ್ತಿ ಖಾಲಿ ಇದ್ದರು. ಒಂದೇ ಒಂದು ಪಾಸ್ ಸಾಕಿತ್ತು.

ನಾನು ದಾವಣಗೆರೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಈಗಲೂ ಊರಲ್ಲಿ ಎಲ್ಲೇ ಪಂದ್ಯ ಇದ್ದರೂ ಹೋಗಿ ಕೂರುತ್ತೇನೆ. ಆ ಫೋಟೊದಲ್ಲಿ ಇರೋದೇ ನಮ್ಮ ಬಹುತೇಕ ಶಾಲಾ ತಂಡಗಳ ಆಟ. ಎತ್ತರದವರಿಗೆ ಬಾಲ್ ಕೊಡೋದು, ಉಳಿದವರು ನೋಡ್ತಾ ನಿಲ್ಲೋದು. ಇದಕ್ಕೆ ಮಕ್ಕಳನ್ನಾಗಲಿ, ಪಿಟಿ ಮೇಷ್ಟ್ರುಗಳನ್ನಾಗಲಿ ಬೈದು ಪ್ರಯೋಜನ ಇಲ್ಲ. ನಾವು ಪಂದ್ಯ ನಡೆಸುವ ರೀತಿಯೇ ಮಕ್ಕಳನ್ನು ಹೀಗೆ ಆಡಿಸುತ್ತಿದೆ. ಅದನ್ನು ಬದಲಿಸಿ ಅಂತ ಕೇಳೋಕೆ ಈ ಪತ್ರ.

ಈಗ ಎಲ್ಲಾ ಕಡೆ ನಾಕೌಟ್, ಅಂದರೆ ಒಮ್ಮೆ ಸೋತ ತಂಡ ಅಲ್ಲಿಗೇ ಹೊರಗೆ. ಜಗಳೂರಿನಿಂದಲೋ ಚನ್ನಗಿರಿಯಿಂದಲೋ ಹೆಣ್ಣುಮಕ್ಕಳ ತಂಡ ಬೆಳಗಿನ ಬಸ್ಸಿಗೆ ಬರುತ್ತದೆ. ಬಿಸಿಲಲ್ಲಿ ಕಾಯುತ್ತದೆ. ಇಪ್ಪತ್ತು ನಿಮಿಷ ಆಡಿ ಸೋಲುತ್ತದೆ. ಮರದ ಕೆಳಗೆ ಕೂತು ಡಬ್ಬಿಯ ಚಿತ್ರಾನ್ನ ತಿಂದು ವಾಪಸ್ ಬಸ್ ಹತ್ತುತ್ತದೆ. ಆ ಮಕ್ಕಳಿಗೆ ಆ ವರ್ಷದ ಬ್ಯಾಸ್ಕೆಟ್‌ಬಾಲ್ ಅಲ್ಲಿಗೆ ಮುಗೀತು. ಇದು ಗೊತ್ತಿರುವ ಮೇಷ್ಟ್ರು ಏನು ಮಾಡಬೇಕು ಹೇಳಿ? ಒಂದೇ ಪಂದ್ಯದಲ್ಲಿ ಎಲ್ಲ ತೀರ್ಮಾನ ಆಗೋದಾದರೆ, ಎತ್ತರದ ಹುಡುಗಿಯನ್ನು ರಿಂಗ್ ಕೆಳಗೆ ನಿಲ್ಲಿಸಿ ಬಾಲ್ ಅವಳಿಗೇ ಕೊಡಿ ಅನ್ನುತ್ತಾರೆ. ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಹೇಳೋದು. ಪಾಸ್ ಮಾಡಿ ಆಡುವ ಆಟ ಮೊದಮೊದಲು ತಪ್ಪುತ್ತದೆ, ಬಾಲ್ ಕಳೆದುಹೋಗುತ್ತದೆ. ತಪ್ಪೋಕೆ ಮಕ್ಕಳಿಗೆ ಇನ್ನೊಂದು ಪಂದ್ಯ ಬೇಕು. ಆ ಇನ್ನೊಂದು ಪಂದ್ಯವೇ ಇಲ್ಲ.

ಲೆಕ್ಕ ನೋಡಿ. ಎಂಟು ತಂಡ ಬಂದರೆ ನಾಕೌಟ್‌ನಲ್ಲಿ 7 ಪಂದ್ಯ. ನಾಲ್ಕು ತಂಡ ಒಂದೇ ಪಂದ್ಯ ಆಡಿ ಮನೆಗೆ ಹೋಗುತ್ತವೆ. ಅದೇ ಎಂಟನ್ನು ನಾಲ್ಕು ನಾಲ್ಕರ ಎರಡು ಗುಂಪು ಮಾಡಿ, ಗುಂಪಿನ ಪ್ರತಿ ತಂಡವೂ ಉಳಿದ ಮೂರರ ಜೊತೆ ಆಡುವ ಲೀಗ್ ಆಡಿಸಿದರೆ 12 ಪಂದ್ಯ, ಎರಡು ಸೆಮಿಫೈನಲ್, ಒಂದು ಫೈನಲ್. ಒಟ್ಟು 15. ಪ್ರತಿ ತಂಡಕ್ಕೂ ಕಡಿಮೆ ಅಂದರೂ ಮೂರು ಪಂದ್ಯ ಸಿಗುತ್ತದೆ. ಹತ್ತು ನಿಮಿಷದ ಎರಡು ಅವಧಿ ಇಟ್ಟರೆ, ವಿರಾಮ ಎಲ್ಲ ಸೇರಿ ಪಂದ್ಯಕ್ಕೆ ಹೆಚ್ಚೂಕಮ್ಮಿ ನಲವತ್ತು ನಿಮಿಷ. ಒಂದೇ ಕೋರ್ಟ್ ಇದ್ದರೂ ಎರಡು ದಿನದಲ್ಲಿ ಮುಗಿಯುತ್ತದೆ. ಇನ್ನೊಂದು ದಿನದ ಊಟ, ವಸತಿಯ ಖರ್ಚು ಬರುತ್ತದೆ, ನಿಜ. ಅದಕ್ಕೆ ಈ ಊರಲ್ಲಿ ದಾನಿಗಳು ಸಿಗದೇ ಇರೋದಿಲ್ಲ.

ತಂಡವಾಗಿ ಅಟ್ಯಾಕ್ ಮಾಡೋದನ್ನು ಕಲಿಸೋಕೆ ದೊಡ್ಡ ಕೋಚ್ ಬೇಕಿಲ್ಲ, ಸಮಯ ಬೇಕು. ನಾನು ಕಲಿಸುತ್ತಿದ್ದ ಕ್ರಮ ಹೇಳುತ್ತೇನೆ. ಮೊದಲ ಕೆಲಸ ಸೀಮೆಸುಣ್ಣದಲ್ಲಿ ಕೋರ್ಟ್ ಮೇಲೆ ಐದು ಗುರುತು ಹಾಕೋದು. ರಿಂಗ್‌ಗೆ ಎದುರಾಗಿ ದೂರದಲ್ಲಿ ನಡುವೆ ಒಂದು, ಅದರ ಎಡಕ್ಕೆ ಬಲಕ್ಕೆ ಒಂದೊಂದು, ಎರಡು ಮೂಲೆಗಳಲ್ಲಿ ಒಂದೊಂದು. ಗುರುತಿನಿಂದ ಗುರುತಿಗೆ ಹನ್ನೆರಡರಿಂದ ಹದಿನೈದು ಅಡಿ ಅಂತರ. ಮಕ್ಕಳು ಬಾಲ್ ಕಂಡ ಕಡೆ ಗುಂಪಾಗಿ ಓಡುತ್ತಾರೆ. ಹಾಗೆ ಓಡಿದರೆ ಎದುರಾಳಿ ತಂಡದ ಒಬ್ಬಳೇ ಇಬ್ಬರನ್ನು ಕಾಯಬಹುದು. ದೂರ ದೂರ ನಿಂತರೆ ಅದು ಆಗೋದಿಲ್ಲ. ಆಟದ ಅರ್ಧ ಇದರಲ್ಲೇ ಇದೆ ಅಂತ ನನ್ನ ನಂಬಿಕೆ.

ಆಮೇಲೆ ಪಾಸ್ ಮಾಡಿದವಳು ನಿಲ್ಲಬಾರದು. ಕೊಟ್ಟ ಕೂಡಲೇ ರಿಂಗ್ ಕಡೆ ಓಡಬೇಕು. ಬಾಲ್ ವಾಪಸ್ ಸಿಕ್ಕಿದರೆ ಲೇಅಪ್, ಅಂದರೆ ಓಡುತ್ತಲೇ ಹಾರಿ ಹತ್ತಿರದಿಂದ ರಿಂಗ್‌ಗೆ ಹಾಕೋದು. ಸಿಗದಿದ್ದರೆ ಖಾಲಿ ಇರುವ ಮೂಲೆಗೆ. ಅವಳು ಬಿಟ್ಟುಹೋದ ಗುರುತಿಗೆ ಪಕ್ಕದವಳು ಬರಬೇಕು, ಪಕ್ಕದವಳ ಜಾಗಕ್ಕೆ ಮೂಲೆಯವಳು. ನಮ್ಮ ಮಕ್ಕಳಿಗೆ ಇದನ್ನು ಖೋಖೋ ಇಟ್ಟುಕೊಂಡು ಹೇಳಿದರೆ ತಕ್ಷಣ ತಿಳಿಯುತ್ತದೆ. ಖೋ ಕೊಟ್ಟವಳು ಆ ಚೌಕದಲ್ಲಿ ಕೂರುತ್ತಾಳೆ, ಎದ್ದವಳು ಓಡುತ್ತಾಳೆ, ಯಾವ ಚೌಕವೂ ಖಾಲಿ ಉಳಿಯೋದಿಲ್ಲ. ಇಲ್ಲೂ ಹಾಗೇ.

ಕಾಯುವವಳು ಪಾಸ್ ತಡೆಯೋಕೆ ಅಂತ ತೀರಾ ಮುಂದೆ ಬಂದು ಕೈ ಚಾಚಿದರೆ, ಅವಳ ಬೆನ್ನ ಹಿಂದಿನಿಂದ ರಿಂಗ್‌ಗೆ ಓಡಬೇಕು. ಇದಕ್ಕೆ ಬ್ಯಾಕ್‌ಡೋರ್ ಕಟ್ ಅನ್ನುತ್ತಾರೆ. 1996ರಲ್ಲಿ ಅಮೆರಿಕದ ಕಾಲೇಜು ಟೂರ್ನಿಯಲ್ಲಿ ಕೋಚ್ ಪೀಟ್ ಕ್ಯಾರಿಲ್ ಅವರ ಪ್ರಿನ್ಸ್‌ಟನ್ ತಂಡ, ಹಿಂದಿನ ವರ್ಷದ ಚಾಂಪಿಯನ್ ಯುಸಿಎಲ್‌ಎಯನ್ನು 43-41ರಿಂದ ಸೋಲಿಸಿತು. ಗೆಲುವಿನ ಕೊನೆಯ ಬುಟ್ಟಿ ಬಂದಿದ್ದು ಇದೇ ಕಟ್‌ನಿಂದ. ಪ್ರಿನ್ಸ್‌ಟನ್ ಹುಡುಗರು ಹಾರುವುದರಲ್ಲಿ, ವೇಗದಲ್ಲಿ ಯುಸಿಎಲ್‌ಎಯವರಿಗೆ ಸಾಟಿ ಇರಲಿಲ್ಲ. ಯಾವಾಗ ಓಡಬೇಕು ಅಂತ ಐವರಿಗೂ ಗೊತ್ತಿತ್ತು, ಅಷ್ಟೆ. ಎತ್ತರದ ಮಕ್ಕಳಿಲ್ಲ ಅಂತ ಕೈಚೆಲ್ಲುವ ಶಾಲೆಗಳಿಗೆ ಇದನ್ನು ಹೇಳಬೇಕು ಅನಿಸುತ್ತದೆ.

ಅಭ್ಯಾಸದಲ್ಲಿ ನಾನು ಅತಿ ಹೆಚ್ಚು ಆಡಿಸಿದ್ದು ಮೂರು ಮೂರು ಜನರ, ಡ್ರಿಬಲ್ ಇಲ್ಲದ ಆಟ. ಬಾಲ್ ನೆಲಕ್ಕೆ ತಟ್ಟುವ ಹಾಗಿಲ್ಲ. ಆಗ ಬಾಲ್ ಇಲ್ಲದವರು ಓಡಲೇಬೇಕು, ಬೇರೆ ದಾರಿ ಇಲ್ಲ. ಮೊದಲ ದಿನ ಮಕ್ಕಳು ಗೊಣಗುತ್ತಾರೆ. ಒಂದು ವಾರದ ಹೊತ್ತಿಗೆ ತಲೆ ಎತ್ತಿ ನೋಡೋದು ಕಲಿಯುತ್ತಾರೆ. ಜೇಮ್ಸ್ ನೈಸ್ಮಿತ್ 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಈ ಆಟ ಶುರು ಮಾಡಿದಾಗ ಬರೆದ 13 ನಿಯಮಗಳಲ್ಲೂ ಬಾಲ್ ಹಿಡಿದು ಓಡುವ ಹಾಗಿರಲಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕಿತ್ತು. ಪಾಸ್ ಈ ಆಟದ ಬುಡದಲ್ಲೇ ಇದೆ.

ಕೆಲವರು ಐದು ಪಾಸ್ ಆಗುವವರೆಗೆ ಶಾಟ್ ಹೊಡೆಯಬೇಡಿ ಅಂತ ನಿಯಮ ಮಾಡುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಮಕ್ಕಳು ರಿಂಗ್ ನೋಡೋದು ಬಿಟ್ಟು ಪಾಸ್ ಎಣಿಸುತ್ತಾರೆ. ಮೊದಲ ನಾಲ್ಕು ಪಾಸ್ ಸುಮ್ನೆ ಅಂತ ಎದುರಾಳಿಗೂ ಗೊತ್ತಾಗುತ್ತದೆ. ಎರಡನೇ ಪಾಸ್‌ನಲ್ಲೇ ಹತ್ತಿರದಿಂದ ಖಾಲಿ ಶಾಟ್ ಸಿಕ್ಕಿದರೆ ಹೊಡೆಯಬೇಕು ಅಲ್ವಾ? ಬಾಲ್ ಹಿಡಿದ ಕೂಡಲೇ ರಿಂಗ್ ಕಡೆ ಮುಖ ಮಾಡು, ಹೊಡೆಯಬಹುದಾ, ಕೊಡಬಹುದಾ, ನುಗ್ಗಬಹುದಾ ನೋಡು ಅಂತ ಕಲಿಸಿದರೆ ಸಾಕು. ಸ್ಕ್ರೀನ್ ಹಾಕೋದು, ಅಂದರೆ ತಮ್ಮವರನ್ನು ಕಾಯುವವರ ದಾರಿಗೆ ಅಡ್ಡ ನಿಲ್ಲೋದು, ಇದೆಲ್ಲ ಬಂದ ಮೇಲೆ. ಶಾಟ್ ಹೋದಾಗ ಐವರೂ ರೀಬೌಂಡ್‌ಗೆ, ಅಂದರೆ ತಪ್ಪಿ ಪುಟಿದ ಬಾಲ್ ಹಿಡಿಯೋಕೆ, ನುಗ್ಗಬಾರದು, ಒಬ್ಬರಾದರೂ ಹಿಂದೆ ಉಳಿಯಬೇಕು.

ಇಷ್ಟು ಕಲಿತ ತಂಡ ಪಂದ್ಯಕ್ಕೆ ಬಂದರೆ ಎದುರಿಗೆ ಏನಿರುತ್ತದೆ? ಝೋನ್, ಅಂದರೆ ಆಟಗಾರರ ಬದಲು ಜಾಗ ಕಾಯೋದು. ಐವರೂ ರಿಂಗ್ ಸುತ್ತ ಕೈ ಎತ್ತಿ ನಿಂತುಬಿಡುತ್ತಾರೆ. ಹದಿಮೂರು ವರ್ಷದ ಮಕ್ಕಳಿಗೆ ಹೊರಗಿನಿಂದ ಹೊಡೆಯುವ ಶಕ್ತಿ ಇಲ್ಲ, ಹಾಗಾಗಿ ಝೋನ್ ಗೆಲ್ಲುತ್ತದೆ. ಝೋನ್ ಒಡೆಯೋಕೂ ದಾರಿ ಇದೆ. ರಿಂಗ್ ಎದುರಿನ ಫ್ರೀಥ್ರೋ ಗೆರೆಯ ನಡುವೆ ಒಬ್ಬರನ್ನು ನಿಲ್ಲಿಸಿ ಬಾಲ್ ಅಲ್ಲಿಗೆ ಕೊಟ್ಟರೆ ಝೋನ್ ಒಳಕ್ಕೆ ಕುಗ್ಗುತ್ತದೆ, ಮೂಲೆ ಖಾಲಿಯಾಗುತ್ತದೆ. ಆದರೆ ಮೂಲೆಯಿಂದ ಹೊಡೆಯುವ ತೋಳು ಬೇಕಲ್ಲ. ಅದಕ್ಕೇ 14 ವರ್ಷದ ಒಳಗಿನವರ ಪಂದ್ಯಗಳಲ್ಲಿ ಝೋನ್ ಬೇಡ, ಒಬ್ಬರು ಒಬ್ಬರನ್ನು ಕಾಯುವ ಮ್ಯಾನ್ ಟು ಮ್ಯಾನ್ ಮಾತ್ರ ಅಂತ ಸಂಘಟಕರು ಸ್ಥಳೀಯ ನಿಯಮ ಮಾಡಲಿ. ಮಕ್ಕಳು ಅಟ್ಯಾಕ್ ಮಾಡೋದು, ತಡೆಯೋದು ಎರಡನ್ನೂ ಕಲಿಯುತ್ತಾರೆ.

ಇರುವ ನಿಯಮಗಳನ್ನೂ ಜಾರಿ ಮಾಡಬೇಕು. ಅಟ್ಯಾಕ್ ಮಾಡುವ ತಂಡದವರು ರಿಂಗ್ ಕೆಳಗಿನ ಬಣ್ಣದ ಚೌಕದಲ್ಲಿ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲುವಂತಿಲ್ಲ. ಶಾಲಾ ಪಂದ್ಯಗಳಲ್ಲಿ ಇದಕ್ಕೆ ಸೀಟಿ ಊದೋದು ನಾನು ನೋಡಿದ್ದು ಬಹಳ ಅಪರೂಪ. ಊದಿದರೆ ಎತ್ತರದ ಹುಡುಗ ಅಲ್ಲೇ ಬೀಡು ಬಿಡೋದು ನಿಲ್ಲುತ್ತದೆ, ಉಳಿದವರಿಗೆ ಒಳಕ್ಕೆ ಓಡೋಕೆ ಜಾಗ ಸಿಗುತ್ತದೆ. ಬಾಲ್ ಸಿಕ್ಕ ತಂಡ 24 ಸೆಕೆಂಡಿನೊಳಗೆ ಶಾಟ್ ಹೊಡೆಯಬೇಕು; ಅದನ್ನು ಎಣಿಸುವ ಗಡಿಯಾರ ಇಲ್ಲದಿದ್ದರೆ ಒಬ್ಬರು ಸ್ಟಾಪ್‌ವಾಚ್ ಹಿಡಿದು ಕೂತರೂ ಆಯಿತು.

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಗಂಡಸರು ಆಡುವ ಏಳನೇ ನಂಬರಿನ ಬಾಲ್ ಕೊಡೋದು ದಯವಿಟ್ಟು ನಿಲ್ಲಿಸಿ. ಅದರ ತೂಕ ಅರ್ಧ ಕೆಜಿಗಿಂತ ಜಾಸ್ತಿ. ಚಿಕ್ಕ ಮಕ್ಕಳ ಮಿನಿ ಬ್ಯಾಸ್ಕೆಟ್‌ಬಾಲ್‌ಗೆ ಚಿಕ್ಕದಾದ ಐದನೇ ನಂಬರಿನ ಬಾಲ್ ಇದೆ, ರಿಂಗ್ ಎತ್ತರ 3.05 ಮೀಟರ್ ಬದಲು 2.60 ಮೀಟರ್. ಭಾರದ ಬಾಲನ್ನು ಎದೆಯಿಂದ ತಳ್ಳುವ ಮಗುವಿಗೆ ಹದಿನೈದು ಅಡಿ ಪಾಸ್ ಮಾಡೋಕೆ ಆಗೋದಿಲ್ಲ, ಆಗ ಎಲ್ಲರೂ ಮತ್ತೆ ಗುಂಪಾಗುತ್ತಾರೆ.

ನಮ್ಮ ತಾಲ್ಲೂಕುಗಳ ಎಷ್ಟೋ ಶಾಲೆಗಳಲ್ಲಿ ಇರೋದು ಒಂದೇ ರಿಂಗ್. ಅವರಿಗೆ 3x3, ಅಂದರೆ ಮೂವರು ಮೂವರ ಬ್ಯಾಸ್ಕೆಟ್‌ಬಾಲ್, ಹೇಳಿ ಮಾಡಿಸಿದ ಆಟ. ಅರ್ಧ ಕೋರ್ಟ್, ಒಂದು ರಿಂಗ್, ಹತ್ತು ನಿಮಿಷ, ಅದಕ್ಕೂ ಮುಂಚೆ ಯಾರು 21 ಪಾಯಿಂಟ್ ಮುಟ್ಟುತ್ತಾರೋ ಅವರು ಗೆದ್ದಂತೆ. ಟೋಕಿಯೊದಿಂದ ಅದು ಒಲಿಂಪಿಕ್ಸ್‌ನಲ್ಲೂ ಇದೆ. ಮೂವರೇ ಇರುವಾಗ ಯಾರೂ ಸೊಂಟದ ಮೇಲೆ ಕೈ ಇಟ್ಟು ನಿಲ್ಲೋಕಾಗೋದಿಲ್ಲ. ಹರಿಹರ, ಹೊನ್ನಾಳಿ, ನ್ಯಾಮತಿ ಕಡೆಯ ಶಾಲೆಗಳು ತಾಲ್ಲೂಕು ಮಟ್ಟದಲ್ಲಿ ಶನಿವಾರಗಳಂದು ಇದನ್ನು ಆಡಿಸಬಹುದು.

ನಿಮ್ಮ ವರದಿಗಾರರಲ್ಲೂ ಒಂದು ಕೋರಿಕೆ. ಅಧಿಕೃತ ಸ್ಕೋರ್‌ಶೀಟ್‌ನಲ್ಲಿ ಪಾಯಿಂಟ್ ಮತ್ತು ಫೌಲ್ ಬರೆಯುತ್ತಾರೆ, ಬುಟ್ಟಿಗೆ ದಾರಿ ಮಾಡಿಕೊಟ್ಟ ಪಾಸ್ ಬರೆಯೋದಿಲ್ಲ. ಪಕ್ಕದಲ್ಲಿ ಒಬ್ಬ ವಿದ್ಯಾರ್ಥಿಯನ್ನು ನೋಟ್‌ಬುಕ್ ಕೊಟ್ಟು ಕೂರಿಸಿದರೆ ಆ ಲೆಕ್ಕವೂ ಸಿಗುತ್ತದೆ. ಜಾಸ್ತಿ ಪಾಯಿಂಟ್ ಹೊಡೆದವರ ಜೊತೆ ಜಾಸ್ತಿ ಪಾಸ್ ಕೊಟ್ಟವರ ಹೆಸರನ್ನೂ ಛಾಪಿಸಿ. ಕೋರ್ಟ್ ಹೊರಗೆ ನಿಂತು "ನೀನೇ ಹೊಡಿಯೋ" ಅಂತ ಕೂಗುವ ಅಪ್ಪ ಅಮ್ಮಂದಿರು ಅದನ್ನು ಓದುತ್ತಾರೆ.

ಮುಂದಿನ ಸಾಲಿನ ಶಾಲಾ ಪಂದ್ಯಗಳ ವೇಳಾಪಟ್ಟಿ ಹಾಕುವ ಮೊದಲೇ ಸಂಘಟಕರು ದೈಹಿಕ ಶಿಕ್ಷಕರನ್ನು ಕರೆದು ಲೀಗ್ ವಿಷಯ ಮಾತಾಡಲಿ. ಶಾಲೆಗಳು ಜೂನ್‌ನಲ್ಲಿ ಶುರುವಾಗುವ ಹೊತ್ತಿಗೆ ತೀರ್ಮಾನ ಗೊತ್ತಾದರೆ, ಅಭ್ಯಾಸಕ್ಕೆ ಎರಡು ತಿಂಗಳಾದರೂ ಸಿಗುತ್ತದೆ. ಸೀಮೆಸುಣ್ಣ ಹಿಡಿದು ಯಾವ ಶಾಲೆಯ ಕೋರ್ಟ್‌ಗೆ ಬಾ ಅಂದರೂ ನಾನು ಬರುತ್ತೇನೆ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ