ಥಾರ್ ಮರುಭೂಮಿಗೆ ಕ್ಯಾಂಪರ್ ವ್ಯಾನ್ ಒಯ್ಯುವವರಿಗೆ

ಕಾರವಾರದ ಗೆಳೆಯರೇ, ಹಡಗಿನಿಂದ ರಜೆಗೆ ಬಂದ ನಮ್ಮ ಯಜಮಾನರ ಜೊತೆ ಡಿಸೆಂಬರ್‌ನಲ್ಲಿ ಕ್ಯಾಂಪರ್ ವ್ಯಾನಿನಲ್ಲಿ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಗಾಡಿಯಲ್ಲಿ, ಜೈಸಲ್ಮೇರ್ ಸುತ್ತಿ ಬಂದೆ. ಅಲ್ಲಿಗೆ ವ್ಯಾನ್ ಒಯ್ಯುವುದು ಹೇಗೆ ಅಂತ ಸುಮಾರು ಜನ ಕೇಳಿದಿರಿ, ಅದಕ್ಕೆ ಇಲ್ಲೇ ಬರೆಯುತ್ತಿದ್ದೇನೆ.

ಜೈಸಲ್ಮೇರ್ ಊರಿನಿಂದ ಸಮ್ ಮರಳುದಿಬ್ಬಗಳಿಗೆ ಸುಮಾರು 40 ಕಿ.ಮೀ., ಡಾಂಬರು ರಸ್ತೆ. ಅದನ್ನು ಬಿಟ್ಟು ವ್ಯಾನ್ ಕೆಳಗಿಳಿಸಬೇಡಿ. "ನಮ್ಮೂರ ಟಾಗೋರ್ ಬೀಚಿನ ಮರಳು ನೋಡಿದವನು ನಾನು" ಅಂದರು ಇವರು. ಹತ್ತು ಅಡಿ ಹೋಗುವಷ್ಟರಲ್ಲಿ ಚಕ್ರ ಹೂತಿತು! ಟೈರಿನ ಗಾಳಿ ಇಳಿಸಿದೆವು, ಚಕ್ರದ ಕೆಳಗೆ ಕಾಲೊರಸು ತುರುಕಿದೆವು. ಕೊನೆಗೆ ಟ್ರ್ಯಾಕ್ಟರೇ ಎಳೆಯಬೇಕಾಯಿತು. ನಮ್ಮ ಕಡಲಂಚಿನ ಮರಳು ಒದ್ದೆ, ಗಟ್ಟಿ. ಅಲ್ಲಿಯದು ಒಣ ರವೆ ಅಲ್ವಾ?

ರಾತ್ರಿ ಚಳಿ ಜಾಸ್ತಿ, ಕಂಬಳಿ ಬೇಕೇ ಬೇಕು. ನೀರಿನ ಟ್ಯಾಂಕ್ ಜೈಸಲ್ಮೇರ್ ಊರಲ್ಲೇ ತುಂಬಿಸಿಕೊಳ್ಳಿ. ಜೈಸಲ್ಮೇರ್ ಹತ್ತಿರದ ಆಕಲ್‌ನಲ್ಲಿ ಕಲ್ಲಾದ ಮರಗಳಿವೆ, ಸುಮಾರು 18 ಕೋಟಿ ವರ್ಷ ಹಳೆಯವು. ತಪ್ಪದೆ ನೋಡಿ. ಕುಚ್ಚಲಕ್ಕಿ ಇಲ್ಲಿಂದಲೇ ಒಯ್ಯಿರಿ. ಒಣ ಸಿಗಡಿ ಮಾತ್ರ ವ್ಯಾನಿನೊಳಗೆ ಹುರಿಯಬೇಡಿ.