ಅಪ್ಪನ ಬ್ಲಡ್ ಟೆಸ್ಟು, ಮನೆ ಲೊಕೇಶನ್ನು

ಅಮ್ಮ,

ನಾವೆಲ್ಲಾ ಇಲ್ಲಿ ಆರಾಮ. ಚಳಿ ಜಾಸ್ತಿ ಆಗಿದೆ ಅಷ್ಟೇ.

ನಿನ್ನ ಮೇಲ್ ಓದಿದ್ಮೇಲೆ ಮನಸ್ಸು ಅಲ್ಲೇ ಇದೆ. ಶುಗರ್ ಇರೋ ಅಪ್ಪ ಅಷ್ಟೊತ್ತು ಖಾಲಿ ಹೊಟ್ಟೇಲಿ ಕೂತಿದ್ದು, ರಕ್ತ ತಗೊಳಕ್ಕೆ ಬಂದ ಹುಡುಗ ಬನಶಂಕರಿ ಸೆಕೆಂಡ್ ಸ್ಟೇಜೆಲ್ಲಾ ಸುತ್ತಾಡಿ ವಾಪಸ್ ಹೋಗಿದ್ದು, ಆಮೇಲೆ ಅಪ್ಪಂಗೆ ತಲೆ ಸುತ್ತು ಬಂದಿದ್ದು, ಓದ್ತಾ ಕೈಕಾಲೇ ಆಡ್ಲಿಲ್ಲ ನಂಗೆ. ಈಗ ಹೇಗಿದಾರೆ? ಮಾತ್ರೆ ಸರಿಯಾಗಿ ತಗೋತಿದಾರಾ? ಆ ಹುಡುಗಂದೂ ತಪ್ಪಿಲ್ಲ ಬಿಡು. ಪ್ರತಿ ಸ್ಟೇಜಲ್ಲೂ, ಪ್ರತಿ ಬ್ಲಾಕಲ್ಲೂ ಒಂಬತ್ತನೇ ಕ್ರಾಸ್ ಇರೋ ಊರು ನಮ್ದು.

ಮನೆ ಲೊಕೇಶನ್ ಅಂತ ಪವನ ಕಳ್ಸಿದ್ದ ಗೂಗಲ್ ಮ್ಯಾಪ್ ಲಿಂಕ್ ನಂಗೂ ಫಾರ್ವರ್ಡ್ ಮಾಡಿದ್ದೆ ನೋಡು, ತೆಗ್ದು ನೋಡ್ದೆ. ಹೆಬ್ಬಾಳದಿಂದ ಬನ್ನೇರುಘಟ್ಟದ ತನಕ ಇಡೀ ಬೆಂಗಳೂರು ಕಾಣ್ಸುತ್ತೆ, ಕೆಂಪು ಗುರುತೇ ಇಲ್ಲ. ಅವನನ್ನ ಬೈಬೇಡ, ಇದನ್ನ ಯಾರೂ ಹೇಳ್ಕೊಡಲ್ಲ. ಗೂಗಲ್ ಮ್ಯಾಪನ್ನ ಕಂಪ್ಯೂಟರಲ್ಲಿ ತೆಗ್ದಾಗ ಮೇಲೆ ಅಡ್ರೆಸ್ ಬಾರಲ್ಲಿ ಅಟ್ (@) ಗುರುತಾದ್ಮೇಲೆ ಎರಡು ಉದ್ದದ ನಂಬರ್ ಇರುತ್ತೆ, ಅದು ಪರದೆ ನಡುವೆ ಇರೋ ಜಾಗ. ಅದರ ಪಕ್ಕ ಇನ್ನೊಂದು ನಂಬರು, ಅದಕ್ಕಂಟ್ಕೊಂಡು ಝೆಡ್ ಅಕ್ಷರ, ಅದೇ ಝೂಮ್. ಇವನು ಕಳ್ಸಿದ್ರಲ್ಲಿ 11 ಇತ್ತು. ಒಂದೊಂದು ನಂಬರ್ ಏರಿಸಿದ್ರೂ ಮ್ಯಾಪ್ ಎರಡು ಪಟ್ಟು ದೊಡ್ಡದಾಗುತ್ತೆ, ಅಂದ್ರೆ 11 ಇದ್ದಿದ್ದನ್ನ 18 ಮಾಡಿದ್ರೆ 128 ಪಟ್ಟು! ಆಗ ನಮ್ಮ ಬೀದಿ, ಮೂಲೆ ಅಂಗಡಿ, ಎಲ್ಲಾ ಕಾಣುತ್ತೆ.

ಬರೀ ನಂಬರ್ ತಿದ್ದಿದ್ರೆ ಸಾಲದು, ಗುರುತೂ ಬೇಕು. ಪವನಂಗೆ ಹೇಳು, ನಮ್ಮನೆ ಮೇಲೆ ರೈಟ್ ಕ್ಲಿಕ್ ಮಾಡಿ ಬರೋ ಎರಡು ನಂಬರನ್ನ ಕಾಪಿ ಮಾಡಿ ಸರ್ಚಲ್ಲಿ ಹಾಕ್ಲಿ, ಕೆಂಪು ಗುರುತು ಬರುತ್ತೆ, ಆಮೇಲೆ ಗೇಟ್ ಹತ್ರ ಹತ್ರ ಬರೋವರೆಗೂ ಝೂಮ್ ಮಾಡಿ, ಒಂದು ಕ್ಷಣ ತಡೆದು, ಮೇಲಿನ ನಂಬರ್ ಬದಲಾದ್ಮೇಲೇ ಲಿಂಕ್ ಕಾಪಿ ಮಾಡ್ಲಿ. ಸ್ಯಾಟಲೈಟ್ ವ್ಯೂ ಇದ್ರೆ ಝೆಡ್ ಬದಲು ಎಮ್ ಬರುತ್ತೆ, ಅದು ಮೀಟರ್ ಲೆಕ್ಕ, ಗಾಬರಿ ಬೇಡ. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಇನ್ನೊಂದು ಮ್ಯಾಪ್ ಸೈಟಿದೆ, ಅದ್ರಲ್ಲಿ ಇನ್ನೂ ಸುಲಭ, ಶೇರ್ ಒತ್ತಿದ್ರೆ ಗುರುತು ಸೇರಿಸೋ ಟಿಕ್ ಬಾಕ್ಸೇ ಇದೆ, ಲಿಂಕಲ್ಲಿ ಮ್ಯಾಪ್ ಅಂತ ಬರೆದಿರೋದರ ಮುಂದಿನ ಮೊದಲ್ನೇ ನಂಬರೇ ಝೂಮ್, 19ರ ತನಕ ಹೋಗುತ್ತೆ. ಕಳಿಸೋಕೆ ಮುಂಚೆ ಆ ಲಿಂಕನ್ನ ನಿನ್ನ ಫೋನಲ್ಲಿ ಒಂದ್ಸಲ ತೆಗ್ದು ನೋಡು, ಆಪ್ ಒಳಗೆ ಓಪನ್ ಆದ್ರೆ ಝೂಮ್ ಬದಲಾಗಿರಬಹುದು. ಗುರುತು ಇದ್ರೆ ಹೇಗೂ ಜಾಗ ತಪ್ಪಲ್ಲ.

ಇಲ್ಲಿ ಜರ್ಮನೀಲಿ ನಮ್ಮೂರು ಮ್ಯಾನ್‌ಹೈಮ್ ನೋಡಿದ್ರೆ ನಿಂಗೆ ಆಶ್ಚರ್ಯ ಆಗುತ್ತೆ. ಊರ ನಡುವೆ ಹೆಚ್ಚಿನ ಬೀದಿಗಳಿಗೆ ಹೆಸರೇ ಇಲ್ಲ, ಚೌಕದ ಬ್ಲಾಕುಗಳಿಗೆ ಎ ಇಂದ ಯು ತನಕ ಅಕ್ಷರ, ನಂಬರು. ಸಿ 4, 12 ಅಂದ್ರೆ ಅದೇ ಪೂರ್ತಿ ಅಡ್ರೆಸ್. ಪೋಸ್ಟಿನವನು ಹಾಗೇ ಹುಡುಕ್ಕೊಂಡು ಬರ್ತಾನೆ. ಆದ್ರೆ ಫ್ಲಾಟಿಗೆ ನಂಬರ್ ಇರಲ್ಲ, ಬೆಲ್ ಮೇಲೆ ನಮ್ಮ ಹೆಸರಿಲ್ದಿದ್ರೆ ಕಾಗದ ವಾಪಸ್!

ಅಮ್ಮ, ಇನ್ನೊಂದು ಟೆಸ್ಟ್ ಬುಕ್ ಮಾಡು, ತಡ ಮಾಡ್ಬೇಡ. ರಾತ್ರಿ ಹೊತ್ತು ಏನಾದ್ರೂ ಆದ್ರೆ ಲಿಂಕ್ ಗಿಂಕ್ ಅಂತ ಕೂರ್ಬೇಡ, 108ಕ್ಕೆ ಫೋನ್ ಮಾಡಿ ಮೊದ್ಲು ಸ್ಟೇಜು, ಆಮೇಲೆ ಕ್ರಾಸು, ಮೇನು, ಪಕ್ಕದ ಗಣಪತಿ ದೇವಸ್ಥಾನ ಹೇಳು, ಆಮೇಲೆ ಪವನ ಲಿಂಕ್ ಕಳಿಸ್ಲಿ. ಈಗಿನಿಂದ್ಲೇ ಅದನ್ನ ರೆಡಿ ಮಾಡಿ ನಿನ್ನ ಫೋನಲ್ಲಿ, ಎದುರು ಮನೆ ಆಂಟಿ ಫೋನಲ್ಲಿ ಇಟ್ಟಿರ್ಲಿ. ಏನೂ ಆಗಲ್ಲ, ಅಪ್ಪ ಗಟ್ಟಿ ಇದಾರೆ, ನಂಗೊತ್ತು, ಏನೂ ಆಗಲ್ಲ. ನನ್ನ ಬಗ್ಗೆ ಯೋಚ್ನೆ ಮಾಡ್ಬೇಡ, ಊಟ ಚೆನ್ನಾಗಿ ಮಾಡ್ತಿದೀನಿ, ದುಡ್ಡಿಗೂ ತೊಂದ್ರೆ ಇಲ್ಲ, ಟೆಸ್ಟಿಗೆ ಎಷ್ಟಾಗುತ್ತೋ ಹೇಳು ಕಳಿಸ್ತೀನಿ.

ಮಗು ಎದ್ದು ಅಳ್ತಿದೆ, ಇಡ್ತೀನಿ. ರಿಪೋರ್ಟ್ ಬಂದ ತಕ್ಷಣ ಫೋಟೋ ಕಳ್ಸು. ಅಪ್ಪಂಗೆ ನಮಸ್ಕಾರ.

ನಿನ್ನ,
ಶುಭಾ